ಅವ್ವನ ಹೆಸರಿನ ಫೈಲು

ಸಂಡೂರಿನ ಅದಿರು ಲಾರಿಗಳು ರಸ್ತೆ ತುಂಬಿಕೊಂಡಿದ್ದ ಕಾಲ. ಎಲ್ಲಿ ನೋಡಿದರೂ ಲಾರಿ ತೂಗುವ ಹೊಸ ವೇ ಬ್ರಿಡ್ಜ್. ನಾನಾಗ ಹೊಸಪೇಟೆಯ ಒಂದು ಸಣ್ಣ ಕಂಪ್ಯೂಟರ್ ಕ್ಲಾಸಿನಲ್ಲಿ ಕಲಿತು, ಅಲ್ಲೇ ಕೆಲಸಕ್ಕೆ ಸೇರಿದ್ದೆ. ಲಾರಿ ತೂಗಿದ ಕೂಡಲೇ ಚೀಟಿ ಮುದ್ರಿಸಿಕೊಡುವ ಪ್ರೋಗ್ರಾಂ ಬರೆದವಳು ನಾನು. ಹಳೇ ಡಾಸ್ ಯಂತ್ರದ ಕಪ್ಪು ಪರದೆ ಎದುರು ಒಂದು ಬೇಸಿಗೆ ಪೂರ್ತಿ ಕೂತಿದ್ದೆ.

ಕ್ಲಾಸಿನ ಮೇಷ್ಟ್ರು ಪರದೆಯಲ್ಲಿದ್ದ ನನ್ನ ಹೆಸರು ತೆಗೆದು ತಮ್ಮದು ಹಾಕಿ, ಊರೂರಿಗೆ ಮಾರಿದರು. ಕೇಳಿದ್ದಕ್ಕೆ ಗಿರಾಕಿಗಳ ಮುಂದೆಯೇ ನಕ್ಕರು.

"ಈಕಿ ನಮ್ಮಲ್ಲಿ ಟೈಪ್ ಮಾಡೋ ಹುಡುಗಿರಿ. ಬಿಸಿಲಿಗೆ ತಲಿ ಕೆಟ್ಟೈತಿ."

ಮರುದಿನ ಕೆಲಸವೂ ಹೋಯಿತು. ಟಿ.ಬಿ. ಡ್ಯಾಂ ಬಸ್ಸಿನಲ್ಲಿ ಕಿಟಕಿಗೆ ಮುಖ ಮಾಡಿ ಮನೆಗೆ ಬಂದೆ. ಅಳಲಿಲ್ಲ.

ಮೇಷ್ಟ್ರ ಇನ್ನೊಂದು ಚಾಳಿ ನನಗೆ ಗೊತ್ತಿತ್ತು. ಪ್ರೋಗ್ರಾಮಿನ ಹೆಸರು ಬದಲಿಸಿ, ಒಂದರೊಳಗೊಂದು ಡೈರೆಕ್ಟರಿ ಮಾಡಿ ಅದರ ತಳದಲ್ಲಿ ಬಚ್ಚಿಡುತ್ತಿದ್ದರು. ಕೆಟ್ಟರೆ ಅವರನ್ನೇ ಕರೆಸಬೇಕು, ಅವರು ಬಂದಾಗಲೇ ಸರಿಹೋಗಬೇಕು. ಆದರೆ ಚೀಟಿಯ ಉದ್ದಗಲದ ಅಳತೆ ಇಟ್ಟಿದ್ದ, ಪ್ರೋಗ್ರಾಮಿನ ಜೊತೆಗೇ ಇರಬೇಕಾದ ಫೈಲಿಗೆ ನಾನು ಅವ್ವನ ಹೆಸರು ಕೊಟ್ಟಿದ್ದೆ. ಪ್ರೋಗ್ರಾಂ ಅದನ್ನು ಆ ಹೆಸರಿನಿಂದಲೇ ಕರೆಯುತ್ತಿತ್ತು, ಬದಲಿಸಿದರೆ ಓಡುತ್ತಿರಲಿಲ್ಲ. ಪರದೆಯ ಮೇಲಿನ ಹೆಸರನ್ನು ಯಾರು ಬೇಕಾದರೂ ಬದಲಿಸಬಹುದಿತ್ತು, ಆದರೆ ಇದನ್ನು ತಿದ್ದಲು ಬೇಕಾದ ಮೂಲ ಕೋಡ್ ನನ್ನ ಹತ್ತಿರ ಮಾತ್ರ ಇತ್ತು.

ಮನೆಯಲ್ಲಿ ಕೂತು ಒಂದು ಪುಟ್ಟ ಹುಡುಕುವ ಪ್ರೋಗ್ರಾಂ ಬರೆದೆ. ಫೈಲಿನ ಹೆಸರು ಕೊಟ್ಟರೆ ಸಾಕು, ಡಿಸ್ಕಿನ ಎಲ್ಲ ಡೈರೆಕ್ಟರಿಗಳನ್ನು ಜಾಲಾಡಿ ಅದು ಎಲ್ಲಿದೆಯೆಂದು ತೋರಿಸುತ್ತಿತ್ತು. ಅದನ್ನೂ, ನನ್ನ ಹೆಸರಿರುವ ಹೊಸ ತೂಕದ ಪ್ರೋಗ್ರಾಮನ್ನೂ ಒಂದೇ ಫ್ಲಾಪಿಗೆ ಹಾಕಿಕೊಂಡು ಕಾದೆ.

ಸುಗ್ಗಿಯಲ್ಲಿ ಕಂಪ್ಲಿಯ ಅಕ್ಕಿ ಗಿರಣಿಯೊಂದರಲ್ಲಿ ಮೇಷ್ಟ್ರು ಮಾರಿದ್ದ ಪ್ರೋಗ್ರಾಂ ಇದ್ದ ತೂಕದ ಕಂಪ್ಯೂಟರ್ ನಿಂತಿತು. ಭತ್ತದ ಲಾರಿಗಳು ಗೇಟಿನಾಚೆ ಸಾಲುಗಟ್ಟಿದ್ದವು. ಮೇಷ್ಟ್ರು ನಾಳೆ ಬರ್ತೀನಿ ಅಂದಿದ್ದರಂತೆ. ಸುದ್ದಿ ಕೇಳಿ ನಾನೇ ಬಸ್ಸು ಹತ್ತಿದೆ.

"ನಿನ್ ಕೈಲಿ ಆಗ್ತೈತೇನವ್ವ?" ಎಂದರು ಗಿರಣಿ ಯಜಮಾನರು.

"ಕುಂದ್ರಿ, ನೋಡ್ರಿ."

ಫ್ಲಾಪಿ ಹಾಕಿ, ಹುಡುಕುವ ಪ್ರೋಗ್ರಾಮಿಗೆ ಅವ್ವನ ಹೆಸರು ಒತ್ತಿದೆ. ಡಿಸ್ಕು ಕರಕರ ಎಂದಿತು. ಆಮೇಲೆ ಆ ಫೈಲು ಇದ್ದ ದಾರಿ ಪೂರ್ತಿ ಪರದೆಗೆ ಬಂತು. ನನ್ನ ಪ್ರೋಗ್ರಾಂ ಅಲ್ಲೇ ಇತ್ತು, ಬೇರೆ ಹೆಸರು ಹೊತ್ತುಕೊಂಡು. ಅದನ್ನು ಅಳಿಸಿ ಹೊಸದನ್ನು ಹಾಕಲು ಹೊರಟಿದ್ದೆ, ಅಷ್ಟರಲ್ಲಿ ಮೇಷ್ಟ್ರು ಬೈಕಿನಲ್ಲಿ ಬಂದಿಳಿದರು. ಯಾರೋ ಫೋನ್ ಮಾಡಿದ್ದರು.

"ಯಾರನ್ನ ಕೇಳಿ ಮುಟ್ಟಿದಿಲೇ? ನಂದದು!"

"ನಿಮ್ದಾದ್ರ, ಒಳಗ ಈ ಫೈಲಿಗೆ ಯಾರ ಹೆಸರೈತಿ, ಯಾಕೈತಿ, ಹೇಳ್ರಿ ಸರ್."

ಯಜಮಾನರು, ಗುಮಾಸ್ತರು, ಡ್ರೈವರುಗಳು ಎಲ್ಲ ಅವರತ್ತ ತಿರುಗಿದರು. ಅದು ನಮ್ಮವ್ವನ ಹೆಸರೆಂದು ನಾನೇ ಹೇಳಿದೆ; ಮೇಷ್ಟ್ರು ಪರದೆಗೆ ಬಗ್ಗಿ ಆ ಹೆಸರನ್ನು ಮತ್ತೊಮ್ಮೆ ಓದಿದರು. ಆ ಮುಖವನ್ನು ನಾನು ಕಣ್ತುಂಬ ನೋಡಿದೆ.

ಅಷ್ಟಕ್ಕೆ ನಿಲ್ಲಿಸಲಿಲ್ಲ. ಕಮಲಾಪುರ, ಸಂಡೂರು ರಸ್ತೆ, ಅವರು ಮಾರಿದ ಕಡೆಯೆಲ್ಲ ಹೋಗಿ, ಮಾಲೀಕರನ್ನು ಪಕ್ಕದಲ್ಲೇ ಕೂರಿಸಿಕೊಂಡು ಹುಡುಕಿ ತೋರಿಸಿದೆ. ಅವರ ಹೆಸರು ಒಂದೊಂದು ಪರದೆಯಿಂದಲೂ ಹೋಯಿತು. ಗಿರಾಕಿಗಳು ನನ್ನ ಕಡೆ ತಿರುಗಿದರು, ಕ್ಲಾಸಿನ ಕುರ್ಚಿಗಳು ಖಾಲಿಯಾದವು.

ಕೊನೆಗೆ ಒಂದು ಸಂಜೆ ಮೇಷ್ಟ್ರೇ ನಮ್ಮ ಮನೆ ಬಾಗಿಲಿಗೆ ಬಂದು ನಿಂತರು. ದರೋಜಿ ಹತ್ತಿರದ ವೇ ಬ್ರಿಡ್ಜ್ ಒಂದು ಉಳಿದಿತ್ತು, ಅವರ ಬೀಗರದು.

"ಅದೊಂದು ಬಿಡವ್ವ. ಅಲ್ಲಿ ನನ್ ಮಾನದ ಪ್ರಶ್ನೆ."

"ಒಳಗ ಬರ್ರಿ ಸರ್, ಚಾ ಕುಡೀರಿ," ಅಂದೆ. ಕುಡಿದು ಹೋದರು. ಬೆಳಿಗ್ಗೆ ಮೊದಲ ಬಸ್ಸಿಗೆ ಫ್ಲಾಪಿ ಹಿಡಿದು ದರೋಜಿಗೆ ಹೋದೆ.