ಅಕ್ಕ ಕೂತು ಪಾಸ್ ಮಾಡಿದ ಗಾಡಿ

ಅಪ್ಪ ಅಮ್ಮ ಇಟ್ಟ ಹೆಸರು ಅವನಿಗೂ ಒಂದಿತ್ತು. ಅದು ಮತದಾನದ ದಿನ ಮಾತ್ರ ಉಪಯೋಗಕ್ಕೆ ಬರುತ್ತಿತ್ತು. ಉಳಿದ ದಿನಗಳಲ್ಲಿ ಎಲ್ಲರಿಗೂ ಅವನು ಮೆತ್ತಗಣ್ಣ. ಗ್ಯಾರೇಜಿಗೆ ಯಾವ ಗಾಡಿ ಬಂದರೂ ಅವನ ಬಾಯಿಂದ ಮೊದಲು ಬೀಳುತ್ತಿದ್ದ ಮಾತು, "ಏನೇ ಮಾಡಿ, ಮೆತ್ತಗಿರಬೇಕು."

ಎತ್ತರದ ಗಾಡಿಗಳನ್ನು ತಗ್ಗಿಸುವುದು ಅವನ ಕಸುಬು. ಮೇಲೆ ಕೂತು ಲೋಕವನ್ನು ಕೆಳಗೆ ನೋಡುವ ಆಸೆಗೆ ಜನ ಎಸ್‌ಯುವಿ ಕೊಳ್ಳುತ್ತಾರೆ. ಆಮೇಲೆ ಮನೆಯಲ್ಲಿ ಮಂಡಿನೋವಿನವರು ಹತ್ತಲಾಗದೆ ಬಾಗಿಲು ಹಿಡಿದು ನಿಂತಾಗ, ಆ ಆಸೆಯನ್ನು ಒಂದೆರಡು ಇಂಚು ಇಳಿಸಿಕೊಳ್ಳಲು ಮೆತ್ತಗಣ್ಣನ ಹತ್ತಿರ ಬರುತ್ತಾರೆ.

ತಗ್ಗಿಸುವುದೇನು ಮಹಾ ವಿದ್ಯೆಯಲ್ಲ. ಸ್ಪ್ರಿಂಗನ್ನು ಗ್ರೈಂಡರಿಗೆ ಕೊಟ್ಟು ಒಂದು ಸುತ್ತು ಕತ್ತರಿಸಿದರೆ ಗಾಡಿ ತಾನಾಗಿ ಕೂರುತ್ತದೆ. ಜೊತೆಗೆ ಒಳಗಿದ್ದವರ ಬೆನ್ನುಮೂಳೆಯೂ ಕೂರುತ್ತದೆ. ಮೆತ್ತಗಣ್ಣನ ಹಳೇ ಪಾಲುದಾರ ಒಮ್ಮೆ ಹಾಗೆ ಕತ್ತರಿಸಿದ್ದಕ್ಕೇ ಇಬ್ಬರೂ ಬೇರೆಯಾಗಿದ್ದು. ಒಬ್ಬ ರಸ್ತೆಯ ಈ ತುದಿ, ಇನ್ನೊಬ್ಬ ಆ ತುದಿ. ಮೆತ್ತಗಣ್ಣ ಮಾತ್ರ, ಹೆಣ್ಣಿಗೆ ಗಂಡು ಹುಡುಕಿದ ಹಾಗೆ ಹತ್ತು ಕಡೆ ವಿಚಾರಿಸಿ, ಗಿಡ್ಡ ಸ್ಪ್ರಿಂಗಿಗೆ ಹೊಂದುವ ಗಿಡ್ಡ ಶಾಕ್ ಅಬ್ಸಾರ್ಬರ್ ತರಿಸುತ್ತಿದ್ದ. ಸ್ಪ್ರಿಂಗ್ ಪೂರ್ತಿ ಕುಗ್ಗಿದಾಗ ಕಬ್ಬಿಣಕ್ಕೆ ಕಬ್ಬಿಣ ಬಡಿಯದಿರಲಿ ಎಂದು ನಡುವೆ ಇಟ್ಟಿರುವ ರಬ್ಬರ್ ತುಂಡನ್ನು ಮಗುವಿನ ಉಗುರು ಕತ್ತರಿಸಿದಷ್ಟು ನಾಜೂಕಾಗಿ ಸವರುತ್ತಿದ್ದ.

ಇಷ್ಟಾದರೂ ಗಾಡಿಯನ್ನು ಒಡೆಯನಿಗೆ ಒಪ್ಪಿಸುತ್ತಿರಲಿಲ್ಲ. ಅಕ್ಕ ಕೂತು ನೋಡಬೇಕಿತ್ತು.

ಅಕ್ಕನಿಗೆ ಬೆನ್ನುನೋವು. ಒಂದು ಕಡಲೆಕಾಳಿನ ಮೇಲೆ ಚಕ್ರ ಹಾದರೂ ಅವಳ ಬೆನ್ನಿಗೆ ಸುದ್ದಿ ಮುಟ್ಟುತ್ತದೆ ಎಂಬುದು ತಮ್ಮನ ನಂಬಿಕೆ. ಅವಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಊರಿನ ಅತಿ ಕೆಟ್ಟ ರಸ್ತೆಯಲ್ಲಿ ಒಂದು ಸುತ್ತು ಹೊಡೆಯುತ್ತಿದ್ದ. ಅಕ್ಕ ಬರುವಾಗ ಒಂದು ದೊಡ್ಡ ಬಟ್ಟೆಚೀಲ ತರುತ್ತಿದ್ದಳು. ಅದರಲ್ಲಿ ಸ್ವೆಟರ್ ಹೆಣಿಗೆ ಇದೆಯೆಂದು ಅವನು ತಿಳಿದಿದ್ದ. ಇಷ್ಟು ವರ್ಷ ಹೆಣೆದರೂ ಚೀಲದಿಂದ ಒಂದು ಸ್ವೆಟರೂ ಹೊರಬಂದಿಲ್ಲವಲ್ಲ ಎಂದು ಅವನಿಗೆ ಹೊಳೆಯಲಿಲ್ಲ. ಹೊಳೆಯುವುದಕ್ಕೆ ಅವನೇನು ನಮ್ಮ ನಿಮ್ಮ ಹಾಗೆ ಕೆಲಸವಿಲ್ಲದವನೇ?

"ಹೇಗಿದೆ ಅಕ್ಕ?"

"ಚೆನ್ನಾಗಿದೆ ಕಣೋ."

ಅಲ್ಲಿಗೆ ಮುಗಿಯಿತು. ಗ್ಯಾರೇಜಿನ ಬೋರ್ಡಿನ ಮೇಲೂ ಅದನ್ನೇ ಬರೆಸಿದ್ದ: 'ಅಕ್ಕ ಕೂತು ಪಾಸ್ ಮಾಡಿದ ಗಾಡಿಗಳು.'

ಕೊನೆಗೆ ಭಾವನೇ ಒಂದು ಎಸ್‌ಯುವಿ ಕೊಂಡರು. ಅಕ್ಕ ಅದಕ್ಕೆ ಹತ್ತಬೇಕೆಂದರೆ ಭಾವ ಅಡುಗೆಮನೆಯ ಮಣೆ ತಂದು ಇಡಬೇಕು. ಹತ್ತಿದ ಮೇಲೆ ಮಣೆಯನ್ನು ಮರೆತು ಹೊರಟುಬಿಡುತ್ತಿದ್ದರು, ಇಳಿಯುವ ಕಡೆ ಅಕ್ಕ ಗಾಡಿಯಲ್ಲೇ ಬಾಕಿ. ಮೆತ್ತಗಣ್ಣ ಗಾಡಿಯನ್ನು ತಾನೇ ಓಡಿಸಿಕೊಂಡು ಹೋದ. ಇದುವರೆಗೆ ಕಲಿತಿದ್ದನ್ನೆಲ್ಲ ಅದರ ನಾಲ್ಕು ಚಕ್ರಕ್ಕೆ ಧಾರೆ ಎರೆದ. ಅಕ್ಕ ಮಣೆಯಿಲ್ಲದೆ ಹತ್ತಿದಳು. ಸುತ್ತು ಹೊಡೆದು ಬಂದರು.

"ಹೂವಿನ ಮೇಲೆ ಕೂತ ಹಾಗಿದೆ ಕಣೋ," ಅಂದಳು.

ಆ ಮಾತನ್ನು ಅವನು ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದ. ಪಂಚರ್ ಹಾಕಿಸಲು ಬಂದವರೂ ಕೇಳಿಸಿಕೊಂಡೇ ಹೋಗಬೇಕಾಯಿತು.

ಹೀಗಿರುವಾಗ ಒಂದು ದಿನ ಸ್ಪ್ರಿಂಗ್ ಅದುಮುವ ಕ್ಲಾಂಪು ಮುರಿಯಿತು. ಕೆಲಸ ಅರ್ಧಕ್ಕೆ ನಿಂತಿತ್ತು. ಕ್ಲಾಂಪು ಇನ್ನೊಂದಿದ್ದದ್ದು ಹಳೇ ಪಾಲುದಾರನ ಹತ್ತಿರ. ಮೆತ್ತಗಣ್ಣ ಅಭಿಮಾನವನ್ನು ಜೇಬಿಗಿಳಿಸಿ ರಸ್ತೆಯ ಆ ತುದಿಗೆ ನಡೆದ.

ಅಲ್ಲಿ ಲಿಫ್ಟಿನ ಮೇಲೆ ಭಾವನ ಗಾಡಿ ನಿಂತಿತ್ತು. ಅವನು ಕಣ್ಣಲ್ಲಿ ಕಣ್ಣಿಟ್ಟು ಹಾಕಿದ ಗಿಡ್ಡ ಸ್ಪ್ರಿಂಗುಗಳು ಕೆಳಗೆ ಗೋಣಿಯ ಮೇಲೆ ಬಿದ್ದಿದ್ದವು.

"ಬಾ," ಅಂದ ಪಾಲುದಾರ, ಕೈ ಒರೆಸಿಕೊಳ್ಳುತ್ತ. "ನಿನಗೆ ಹೇಳಬೇಡಿ ಅಂದಿದ್ರು. ನಾನು ಹೇಳಿಲ್ಲ, ನೀನೇ ಬಂದಿದ್ದೀಯ."

"ಯಾಕೆ ಬಿಚ್ಚಿಸಿದ್ರಂತೆ?"

"ನಿನ್ನ ಕೆಲಸಕ್ಕೆ ಏನೂ ಕೊರತೆ ಇಲ್ಲ ಮಾರಾಯ. ಒಬ್ಬರೇ ಕೂತರೆ ಮಹಾರಾಜನ ಪಲ್ಲಕ್ಕಿ. ಮನೆಮಂದಿಯೆಲ್ಲ ಹತ್ತಿದರೆ ಹಿಂದೆ ಇಳಿದು ರಬ್ಬರಿಗೆ ಕೂತುಬಿಡುತ್ತೆ. ಆಮೇಲೆ ಹಂಪ್ ಬಂತು ಅಂದರೆ ಗುದ್ದು ನೇರ ಸೊಂಟಕ್ಕೆ."

ಮೆತ್ತಗಣ್ಣ ಗೋಣಿಯ ಮೇಲಿನ ಒಂದು ಸ್ಪ್ರಿಂಗನ್ನು ಎತ್ತಿ ತಿರುಗಿಸಿ ನೋಡಿದ. ಅಕ್ಕನೊಬ್ಬಳನ್ನೇ ಕೂರಿಸಿ ನೋಡಿದ್ದು ನಿಜ. ಬೇರೆ ಗಾಡಿಗಳಲ್ಲೂ ಅಷ್ಟೇ. ಆದರೂ ಅಕ್ಕನ ಬೆನ್ನಿಗೆ ಗೊತ್ತಾಗದೆ ಹೋಯಿತೇ?

ಆಗ ಬೆಂಚಿನ ಮೇಲೆ ಗಾಡಿಯಿಂದ ತೆಗೆದಿಟ್ಟ ಸಾಮಾನು ಕಾಣಿಸಿತು. ಭಾವನ ಕೊಡೆ, ನೀರಿನ ಬಾಟಲಿ, ಅಕ್ಕನ ಬಟ್ಟೆಚೀಲ. ಚೀಲದ ಬಾಯಿ ತೆರೆದಿತ್ತು. ಒಳಗೆ ಸೂಜಿಯೂ ಇಲ್ಲ, ಉಲ್ಲನ್ನೂ ಇಲ್ಲ. ಒಂದು ದಪ್ಪ ದಿಂಬು. ವರ್ಷಗಟ್ಟಲೆ ಕೂತು ಕೂತು ನಡುವೆ ಗುಳಿ ಬಿದ್ದ ದಿಂಬು.

ದಿಂಬಿನ ಗವುಸು ಹಸಿರು ಬಣ್ಣದ್ದು, ಮೇಲೆ ಬಿಳಿ ಬಾತುಕೋಳಿಗಳು. ಅವನ ಸ್ವಂತ ಮಲಗುವ ಕೋಣೆಯ ಕಿಟಕಿಯ ಪರದೆ ಅದೇ ಬಟ್ಟೆಯದು. ಹೊಲಿದವಳು ಅವನ ಹೆಂಡತಿ.

ಕ್ಲಾಂಪು ಕೇಳಲು ಬಂದಿದ್ದು ಮರೆತೇಹೋಯಿತು. ದಿಂಬನ್ನು ಕಂಕುಳಲ್ಲಿ ಇರುಕಿಕೊಂಡು ಮನೆಗೆ ಬಂದ. ಹೆಂಡತಿ ಬಾಗಿಲಲ್ಲೇ ಬಾತುಕೋಳಿಗಳನ್ನು ಗುರುತಿಸಿದಳು.

"ಪರದೆಗೆ ತಂದ ಬಟ್ಟೆ ಒಂದು ಮೊಳ ಉಳಿದಿತ್ತು ರೀ," ಅಂದಳು.

"ನಾನು ಕೇಳಿದ್ದು ಬಟ್ಟೆಯ ಲೆಕ್ಕ ಅಲ್ಲ."

"ಅತ್ತಿಗೆ ಹೇಳಿದ್ರು, ನಾನು ಹೊಲಿದೆ. ನಿಮಗೆ ಹೇಳಿದ್ರೆ ನಾಲ್ಕು ದಿನ ಊಟ ಬಿಡ್ತೀರ. ಊಟ ಬಿಟ್ಟರೂ ಪರವಾಗಿಲ್ಲ, ಮಾತು ಬಿಡಲ್ವಲ್ಲ."

ಅಲ್ಲಿಂದ ಅಕ್ಕನ ಮನೆಗೆ. ಭಾವ ಪೇಪರನ್ನು ಮುಖಕ್ಕೆ ಅಡ್ಡ ಹಿಡಿದರು. ಪೇಪರ್ ತಲೆಕೆಳಗಾಗಿತ್ತು. ಅಕ್ಕ ದಿಂಬು ನೋಡಿ ಸೋಫಾದ ಮೇಲೆ ಸರಿದು ಜಾಗ ಮಾಡಿದಳು. ಅವನು ಕೂರಲಿಲ್ಲ.

"ಎಷ್ಟು ಗಾಡಿ ಅಕ್ಕ? ಎಷ್ಟು ಗಾಡಿಗೆ ಹೀಗೆ ಹೇಳಿದೆ?"

"ಕೆಲವು ನಿಜವಾಗಿಯೂ ಚೆನ್ನಾಗಿದ್ವು ಕಣೋ."

"ಯಾವ್ಯಾವು?"

ಅಕ್ಕ ಯೋಚಿಸಿದಳು.

"ದಿಂಬಿನ ಮೇಲೆ ಕೂತವಳಿಗೆ ಯಾವುದು ಅಂತ ಹೇಗೆ ಗೊತ್ತಾಗುತ್ತೆ?" ಅಂದಳು ಕೊನೆಗೆ.

"ನಿನ್ನ ಮಾತು ನಂಬಿ ಬೋರ್ಡ್ ಬರೆಸಿದೀನಿ. ಜನ ನನ್ನ ನಂಬಿ ಅಪ್ಪ ಅಮ್ಮನ್ನ ಕೂರಿಸಿಕೊಂಡು ಹೋಗ್ತಾರೆ. ಒಂದು ಸಲ, ಒಂದೇ ಒಂದು ಸಲ, ನೋವಾಯ್ತು ಅನ್ನೋಕೆ ಆಗ್ಲಿಲ್ವಾ?"

"ನೀನು ರಸ್ತೆ ನೋಡ್ತಿರಲಿಲ್ಲ ಕಣೋ. ಕನ್ನಡೀಲಿ ನನ್ನ ಮುಖಾನೇ ನೋಡ್ತಿದ್ದೆ, ಚಿಕ್ಕವನಿದ್ದಾಗ ಗೀಚಿದ ಚಿತ್ರ ತಂದು ತೋರಿಸ್ತಿದ್ಯಲ್ಲ, ಹಾಗೆ. ನೀನು ಕುದುರೆ ಅಂತಿದ್ದೆ. ನಾನೂ ಕುದುರೆ ಅಂತಿದ್ದೆ."

"ಅದು ಕುದುರೆನೇ ಆಗಿತ್ತು."

ಪೇಪರಿನ ಹಿಂದಿನಿಂದ ಭಾವ ಕೆಮ್ಮಿದರು.

ಮಾರನೆಯ ದಿನ ಅವನು ಏಣಿ ಹಾಕಿ ಬೋರ್ಡ್ ಇಳಿಸಿದ. ಹಳೇ ಗಿರಾಕಿಗಳ ಗಾಡಿಗಳನ್ನು ಒಂದೊಂದಾಗಿ ಮತ್ತೆ ಕರೆಸಿದ. ಏನೂ ದೂರಿಲ್ಲದವರೂ ಗಾಬರಿಯಾಗಿ ಬಂದರು. ಭಾವನ ಗಾಡಿಯನ್ನೂ, ಮರೆತು ಬಂದಿದ್ದ ಕ್ಲಾಂಪಿನ ಸಮೇತ, ಪಾಲುದಾರನ ಹತ್ತಿರದಿಂದ ಎಳೆದು ತಂದು, ಹಿಂದಕ್ಕೆ ಇನ್ನೂ ತುಸು ಬಿಗಿಯಾದ ಸ್ಪ್ರಿಂಗ್ ಹಾಕಿ, ಅರ್ಧ ಇಂಚು ಏರಿಸಿದ. ಮನೆಮಂದಿಯಷ್ಟು ಭಾರ ಬಿದ್ದರೂ ಹಿಂಭಾಗ ರಬ್ಬರಿಗೆ ತಾಗಲಿಲ್ಲ. ಅಕ್ಕ ಈಗಲೂ ಮಣೆಯಿಲ್ಲದೆ ಹತ್ತಬಹುದು. ಆದರೆ ಅವಳನ್ನು ಕೂರಿಸಿ ನೋಡಲಿಲ್ಲ. ಅವಳಿಗೆ ಹೇಳಿಯೂ ಕಳಿಸಲಿಲ್ಲ.

ಅಕ್ಕ ತಾನೇ ನಡೆದು ಬಂದಳು. ಕೈಯಲ್ಲಿ ಚೀಲ ಇರಲಿಲ್ಲ. ಗಾಡಿಯ ಹಿಂದಿನ ಬಾಗಿಲು ತೆರೆದಿತ್ತು. ಸೀಟಿನ ಮೇಲೆ ಮೂರು ಮರಳು ಮೂಟೆಗಳು ನೆಂಟರ ಹಾಗೆ ಸಾಲಾಗಿ ಕೂತಿದ್ದವು. ಮೂರಕ್ಕೂ ಬೆಲ್ಟ್ ಹಾಕಿತ್ತು.

"ಟೆಸ್ಟಿಗೆ ಕರೀಲೇ ಇಲ್ಲ?"

"ಇವು ಸಾಕು ಅಕ್ಕ. ಇವು ಮುಖ ನೋಡಿ ಮಾತಾಡಲ್ಲ."

ಅಕ್ಕ ಒಂದು ಮೂಟೆಯನ್ನು ತಟ್ಟಿ ನೋಡಿದಳು.

"ಇವಕ್ಕೆ ಬೆನ್ನೂ ಇಲ್ಲವಲ್ಲೋ," ಅಂದಳು.

ಅವನು ಬಿದ್ದೇ ಇರದ ಸ್ಪ್ಯಾನರನ್ನು ಹುಡುಕಲು ಗಾಡಿಯ ಕೆಳಗೆ ತೂರಿಕೊಂಡ. ಅಲ್ಲಿಂದ ಅಕ್ಕನ ಚಪ್ಪಲಿಗಳು ಮಾತ್ರ ಕಾಣುತ್ತಿದ್ದವು. ಅವು ಹೋಗುತ್ತಲೂ ಇರಲಿಲ್ಲ, ಹತ್ತಿರ ಬರುತ್ತಲೂ ಇರಲಿಲ್ಲ. ಅವನು ಸ್ಪ್ಯಾನರ್ ಹುಡುಕುತ್ತಲೇ ಇದ್ದ.