ಎರಡನೆಯ ದಿನ, ಹನ್ನೊಂದು ಗಂಟೆಯ ಬಟ್ಟೆ

ಟೈಲರಕ್ಕನ ಹತ್ತಿರ ಎರಡು ಟೇಪುಗಳಿದ್ದವು. ಒಂದು ಹೊಸದು, ಹಳದಿ ಬಣ್ಣದ್ದು, ಇದ್ದದ್ದನ್ನು ಇದ್ದ ಹಾಗೆ ಹೇಳುವುದು. ಇನ್ನೊಂದು ಹಳೆಯದು, ಬಟ್ಟೆಯದು, ಅಂಕಿಗಳು ಅರ್ಧಂಬರ್ಧ ಮಾಸಿದ್ದು. ಅದಕ್ಕೆ ಹಿಂದೊಮ್ಮೆ ಅವಳೇ ಇಸ್ತ್ರಿಪೆಟ್ಟಿಗೆ ಕಟ್ಟಿ ಕಿಟಕಿಯ ಸರಳಿಗೆ ಒಂದು ತಿಂಗಳು ನೇತುಹಾಕಿದ್ದಳು. ಜಗ್ಗಿ ಜಗ್ಗಿ ಆ ಟೇಪು ಎಷ್ಟು ಉದಾರಿಯಾಯಿತೆಂದರೆ, ಮೂವತ್ತಾರು ಇಂಚಿನ ಸೊಂಟವನ್ನು ಮೂವತ್ತನಾಲ್ಕು ಎಂದು ಹೇಳಿ ಸುಮ್ಮನಾಗುತ್ತಿತ್ತು. ಮೈಯ ಅಳತೆಯನ್ನೂ ಅದರಲ್ಲೇ ತೆಗೆದು, ಬಟ್ಟೆಯನ್ನೂ ಅದರಲ್ಲೇ ಅಳೆದು ಕತ್ತರಿಸಿದರೆ ಯಾರಿಗೂ ತೊಂದರೆಯಿಲ್ಲ. ಬಟ್ಟೆ ಸರಿಯಾಗಿ ಕೂರುತ್ತದೆ, ಹಾಕಿಕೊಂಡವಳು ಮಾತ್ರ ಎರಡು ಇಂಚು ತೆಳ್ಳಗಾಗಿ ಮನೆಗೆ ಹೋಗುತ್ತಾಳೆ.

ಈ ಟೇಪು ತಯಾರಾದದ್ದೇ ಒಬ್ಬಳಿಗೋಸ್ಕರ. ಅವಳು ಟೈಲರಕ್ಕನ ಗಂಡನ ಅಣ್ಣನ ಹೆಂಡತಿ, ಮನೆಯ ದೊಡ್ಡ ಸೊಸೆ. ಅಣ್ಣತಮ್ಮಂದಿರು ಮನೆ ಹಂಚಿಕೊಂಡಾಗ ದೊಡ್ಡವಳಿಗೆ ಗಾಳಿ ಬೆಳಕು ಇರುವ ಮಹಡಿ ಬಂತು, ಟೈಲರಕ್ಕನಿಗೆ ಕೆಳಗಿನ ಎರಡು ಕೋಣೆ ಬಂತು. ಬೀದಿ ಕಡೆಯ ಕೋಣೆಯಲ್ಲಿ ಅವಳು ಮಿಷನ್ ಇಟ್ಟುಕೊಂಡಳು. ಟೈಲರಕ್ಕ ಮದುವೆಯಾಗಿ ಬಂದ ಐದನೇ ದಿನವೇ ದೊಡ್ಡವಳು ಒಂದು ಅಂಗಿ ತಂದು ಮುಂದೆ ಎಸೆದು, "ಹೊಲಿಗೆ ಬರುತ್ತಂತಲ್ಲ, ಇದರ ತೋಳು ಸ್ವಲ್ಪ ಹಿಡಿ," ಎಂದಿದ್ದಳು. ಹೊಸ ಸೊಸೆ ಹಿಡಿದಳು. ಅಂದಿನಿಂದ ಇಪ್ಪತ್ತೆಂಟು ವರ್ಷ ಹಿಡಿಯುತ್ತಲೇ ಇದ್ದಾಳೆ.

ಒಂದು ದಿನವಾದರೂ ಚೆನ್ನಾಗಿದೆ ಅಂದಿದ್ದರೆ ಕೇಳಿ. ಬಟ್ಟೆ ಹಾಕಿಕೊಂಡು ಕನ್ನಡಿಯೆದುರು ಹಿಂದೆ ಮುಂದೆ ತಿರುಗಿ, ಮೂಗು ಮುರಿದು, ದೊಡ್ಡವಳು ಹೇಳುತ್ತಿದ್ದದ್ದು ಒಂದೇ ಮಾತು: "ಎಡಭುಜ ಸ್ವಲ್ಪ ಎದ್ದಿದೆ." ಟೈಲರಕ್ಕನಿಗೆ ಮೈಯೆಲ್ಲ ಉರಿಯುತ್ತಿತ್ತು. ಆಮೇಲೆ ಒಬ್ಬಳೇ ಕೂತು ನೋಡಿದರೆ, ಹಾಳಾದ್ದು, ಒಂದು ನೂಲಿನಷ್ಟು ಎದ್ದೇ ಇರುತ್ತಿತ್ತು. ಆಗ ಇನ್ನೂ ಉರಿಯುತ್ತಿತ್ತು.

ಈ ಸಲದ ರಗಳೆ ಶುರುವಾದದ್ದು ಒಂದು ನೋಟ್‌ಬುಕ್ಕಿನಿಂದ. ದೊಡ್ಡವಳ ಬೆಳಗಿನ ವಾಕಿಂಗ್ ಗುಂಪಿನ ಹೆಂಗಸರು ವ್ಯಾನು ಮಾಡಿಕೊಂಡು ಮೂರು ದಿನ ಮಹಾನಗರ ಸುತ್ತಿ ಬರುವುದೆಂದು ತೀರ್ಮಾನಿಸಿದ್ದರು. ಯಾವ ದಿನ, ಎಷ್ಟು ಗಂಟೆಗೆ, ಎಲ್ಲಿ, ಯಾವ ಬಟ್ಟೆ ಎಂದು ದೊಡ್ಡವಳು ಗೆರೆ ಎಳೆದು ಬರೆದುಕೊಂಡು ಬಂದಿದ್ದಳು. ಒಟ್ಟು ಆರು ಜೊತೆ.

"ನೋಡೋಕೆ ಸ್ಟೈಲಾಗಿರ್ಬೇಕು, ಹಾಕ್ಕೊಂಡ್ರೆ ಹಾಯಾಗಿರ್ಬೇಕು. ಎರಡೂ ಬೇಕು ನಂಗೆ," ಎಂದು ಅಪ್ಪಣೆ ಕೊಟ್ಟಳು. "ವ್ಯಾನಲ್ಲಿ ಒಂದು ಸೀಟು ಖಾಲಿಯಿದೆ. ನೀನೂ ಬಾ. ಆರೂ ಹೊಲಿದು ಮುಗಿಸು, ಆ ಸೀಟು ನಿಂದು."

ಟೈಲರಕ್ಕ ಮಿಷನ್ನಿನ ಚಕ್ರದ ಮೇಲೆ ಕೈಯಿಟ್ಟು ನಿಲ್ಲಿಸಿದಳು. ಅವಳಿಗೆ ಮಹಾನಗರದಲ್ಲಿ ಬೇಕಾದದ್ದು ಒಂದೇ. ಅಲ್ಲಿ ಏಳು ಅಂತಸ್ತಿನ ಬಟ್ಟೆ ಅಂಗಡಿಯಿದೆಯಂತೆ, ನಾಲ್ಕನೇ ಅಂತಸ್ತು ಪೂರ್ತಿ ಕೋಟುಗಳಂತೆ. ಜೀವಮಾನವಿಡೀ ಚಿತ್ರ ನೋಡಿ ಕೋಟು ಹೊಲಿದವಳು ಅವಳು. ಚಿತ್ರದಲ್ಲಿ ಹೊರಗಿನದ್ದು ಕಾಣುತ್ತದೆ, ಒಳಗಿನದ್ದು ಕಾಣುವುದಿಲ್ಲ. ಅಂಥ ಅಂಗಡಿಯ ಒಂದು ಕೋಟನ್ನು ಟ್ರಯಲ್ ರೂಮಿಗೆ ಒಯ್ದು, ಪರದೆ ಎಳೆದು, ಒಳಗು ಹೊರಗು ಮಾಡಿ, ಕಾಲರಿನ ಕೆಳಗೆ ಹೇಗೆ ಹೊಲಿದಿದ್ದಾರೆಂದು ಒಮ್ಮೆ ನೋಡಬೇಕು ಅನ್ನುವುದು ಅವಳ ಹಂಬಲವಾಗಿತ್ತು. ನಗಬೇಡಿ. ಬೇರೆಯವರು ಇದಕ್ಕಿಂತ ಸಣ್ಣದಕ್ಕೆಲ್ಲ ಸಮುದ್ರ ದಾಟುತ್ತಾರೆ.

ಹಾಗಾಗಿ ಒಪ್ಪಿಕೊಂಡಳು. ಒಪ್ಪಿಕೊಂಡದ್ದೇ ತಡ, ಜಗಳ ಹತ್ತಿಕೊಂಡಿತು. ಮೊದಲ ದಿನ ವ್ಯಾನಿಗೆ ಬಿಳಿ ಪ್ಯಾಂಟು ಎಂದು ಬರೆದಿತ್ತು.

"ಆರು ಗಂಟೆ ಕೂತ್ಕೊಂಡು ಹೋಗೋಕೆ ಬಿಳಿ ಪ್ಯಾಂಟಾ ಅಕ್ಕ? ಇಳಿಯೋಷ್ಟರಲ್ಲಿ ಸೀಟಿನ ಧೂಳೆಲ್ಲ ನಿಮ್ಮ ಹಿಂದೆ ಇರುತ್ತೆ."

"ಫೋಟೋದಲ್ಲಿ ಹಿಂದೆ ಯಾರು ನೋಡ್ತಾರೆ?"

"ಫೋಟೋ ತೆಗೆಯೋರ ಹಿಂದೆ ನಿಂತೋರು ನೋಡ್ತಾರೆ."

ಹೀಗೆ ಒಂದೊಂದಕ್ಕೂ ಒಂದೊಂದು ಯುದ್ಧ. ಟೈಲರಕ್ಕ ಪ್ರತಿ ಬಟ್ಟೆಯ ಅಂಚನ್ನೂ ಮುಷ್ಟಿಯಲ್ಲಿ ಹಿಡಿದು ಇಪ್ಪತ್ತು ಎಣಿಸಿ ಬಿಡುತ್ತಿದ್ದಳು. ಸುಕ್ಕು ಹಾಗೇ ನಿಂತರೆ ಪ್ರಯಾಣಕ್ಕೆ ಬೇಡ, ಬಿಚ್ಚಿಕೊಂಡರೆ ಆಗಬಹುದು. ದೊಡ್ಡವಳು ತಂದ ಬಟ್ಟೆಗಳಲ್ಲಿ ಮೂರು ಆ ಪರೀಕ್ಷೆಯಲ್ಲಿ ಫೇಲಾದವು, ಅದಕ್ಕೂ ಅವಳು ಟೈಲರಕ್ಕನನ್ನೇ ಬೈದದ್ದಾಯಿತು. ಜೇಬು ಇಡುತ್ತೇನೆಂದರೆ ಸೊಂಟ ದಪ್ಪ ಕಾಣುತ್ತದೆ ಎಂದಳು. ಹಿಂದುಗಡೆ ಎಲಾಸ್ಟಿಕ್ ಹಾಕುತ್ತೇನೆಂದರೆ "ನಾನೇನು ಮುದುಕೀನಾ?" ಎಂದಳು. ಟೈಲರಕ್ಕ ಸರಿ ಎಂದು ಹೇಳಿ, ಜೇಬನ್ನು ಪಕ್ಕದ ಹೊಲಿಗೆಯಲ್ಲಿ ಅಡಗಿಸಿ, ಎಲಾಸ್ಟಿಕ್ಕನ್ನು ಪಟ್ಟಿಯೊಳಗೆ ಕಾಣದಂತೆ ತೂರಿಸಿ ಹೊಲಿದಳು. ದೊಡ್ಡವಳು ಹಾಕಿ ನೋಡಿ, ಕೂತು ಎದ್ದು, ಕೈಯನ್ನು ತನಗೆ ಗೊತ್ತಿಲ್ಲದೆ ಜೇಬಿಗೆ ಇಳಿಬಿಟ್ಟು, "ಎಡಭುಜ ಸ್ವಲ್ಪ ಎದ್ದಿದೆ," ಎಂದಳು.

ನಡುವೆ ಟೈಲರಕ್ಕ ತನಗೂ ಒಂದು ಜೊತೆ ಹೊಲಿದುಕೊಂಡಳು. ಕಂದು ಬಣ್ಣದ ಸಡಿಲ ಪ್ಯಾಂಟು, ಮಂಡಿಯವರೆಗಿನ ಅಂಗಿ, ನಾಲ್ಕು ಜೇಬು. ಕಾಲಿಗೆ ಹಳೆಯ ಚಪ್ಪಲಿಯೇ, ಯಾಕೆಂದರೆ ಊರು ಸುತ್ತಲು ಹೊಸ ಚಪ್ಪಲಿ ಮೆಟ್ಟಿ ಹೋಗುವವರಿಗೆ ತಲೆ ಕೆಟ್ಟಿರಬೇಕು ಎಂಬುದು ಅವಳ ಸಿದ್ಧಾಂತ.

ಐದು ಜೊತೆ ಮುಗಿದು ಕೊನೆಯದೊಂದು ಉಳಿಯಿತು. ನೋಟ್‌ಬುಕ್ಕಿನಲ್ಲಿ ಅದರ ಕೆಳಗೆ ಎರಡು ಗೆರೆ ಎಳೆದಿತ್ತು: ಎರಡನೆಯ ದಿನ, ಬೆಳಗ್ಗೆ ಹನ್ನೊಂದು, ಏಳು ಅಂತಸ್ತಿನ ಅಂಗಡಿ. ನವಿಲುಬಣ್ಣದ ಪ್ಯಾಂಟು, ಅದರದೇ ಗಿಡ್ಡ ಕೋಟು. ದೊಡ್ಡವಳು ಕೈಯೆತ್ತಿ ನಿಂತಿದ್ದಳು. ಟೈಲರಕ್ಕ ಬಗ್ಗಿ ಹಳೆಯ ಟೇಪನ್ನು ಅವಳ ಸೊಂಟಕ್ಕೆ ಸುತ್ತಿದ್ದಳು.

"ಎಷ್ಟು?"

"ಮೂವತ್ನಾಲ್ಕು."

"ನೋಡ್ದ್ಯಾ? ಮದುವೆಯಾದಾಗಿಂದ ಒಂದಿಂಚು ಆಚೆ ಈಚೆ ಆಗಿಲ್ಲ." ದೊಡ್ಡವಳು ಕನ್ನಡಿಯಲ್ಲಿ ತನ್ನನ್ನೇ ಮೆಚ್ಚಿಕೊಂಡಳು. "ಅಂದ ಹಾಗೆ, ಆ ಸೀಟನ್ನ ಡಾಕ್ಟರ್ ಹೆಂಡ್ತಿಗೆ ಕೊಟ್ಬಿಟ್ವಿ."

ಟೈಲರಕ್ಕನ ಕೈ ಟೇಪಿನ ಮೇಲೆಯೇ ನಿಂತಿತು. "ನಂಗೆ ಅಂದಿದ್ರಲ್ಲ ಅಕ್ಕ."

"ಅಂದಿದ್ದೆ. ನೀನೇ ಯೋಚ್ನೆ ಮಾಡು. ಅವರಿಗೆಲ್ಲ ನೀನು ನಮ್ಮನೆ ಕೆಳಗೆ ಅಂಗಡಿ ಇಟ್ಕೊಂಡಿರೋ ಟೈಲರ್ ಅಂತ ಎಷ್ಟೋ ವರ್ಷದ ಹಿಂದೇನೇ ಹೇಳ್ಬಿಟ್ಟಿದೀನಿ. ಈಗ ಇದ್ದಕ್ಕಿದ್ದ ಹಾಗೆ ನನ್ನ ಓರಗಿತ್ತಿ ಅಂತ ಹೇಗೆ ಹೇಳ್ಲಿ? ನಗ್ತಾರೆ."

ಸೀಟು ಹೋದದ್ದು ಒಂದು ಪೆಟ್ಟು. ಅದನ್ನು ಅವಳು ನುಂಗಿಕೊಳ್ಳುತ್ತಿದ್ದಳು, ಇಪ್ಪತ್ತೆಂಟು ವರ್ಷದಲ್ಲಿ ನುಂಗಿದ್ದಕ್ಕೆ ಲೆಕ್ಕವಿಲ್ಲ. ಆದರೆ ಎರಡನೆಯ ಮಾತು ಗಂಟಲಲ್ಲೇ ನಿಂತಿತು. ಒಂದೇ ಬಾಗಿಲು, ಒಂದೇ ಮೆಟ್ಟಿಲು, ಒಂದೇ ಅತ್ತೆ. ಆ ಅತ್ತೆ ಹಾಸಿಗೆ ಹಿಡಿದಾಗ ಒಂದೊಂದು ಪಕ್ಕ ಒಬ್ಬೊಬ್ಬರು ಹಿಡಿದು ಮಗ್ಗುಲು ಬದಲಿಸಿದ್ದರು. ಅಷ್ಟೆಲ್ಲ ಆಗಿಯೂ ತಾನು ಕೆಳಗಿನ ಟೈಲರ್! ಬಗ್ಗಿದ್ದವಳು ಎದ್ದು ನಿಂತು ಟೇಪನ್ನು ಬೆರಳಿಗೆ ಸುತ್ತಿಕೊಂಡಳು.

"ಸರಿ ಅಕ್ಕ," ಎಂದಳು.

ಗಂಡನಿಗೆ ಹೇಳಿದರೆ ಅವನು ಪೇಪರಿನಿಂದ ತಲೆಯನ್ನೂ ಎತ್ತಲಿಲ್ಲ. "ಅತ್ತಿಗೆ ಬಾಯಿ ಹಾಗೇ ಅಂತ ಗೊತ್ತಲ್ಲ. ಹೋಗ್ಲಿ ಬಿಡೆ." ಹೋಗಲಿ ಬಿಡು ಅನ್ನುವುದು ಆ ಮನೆಯ ಅಣ್ಣತಮ್ಮಂದಿರು ಪಾಲು ಮಾಡದೆ ಒಟ್ಟಿಗೆ ಉಳಿಸಿಕೊಂಡ ಏಕೈಕ ಆಸ್ತಿ. ಟೈಲರಕ್ಕ ಅವನ ಮುಂದಿನ ಕಾಫಿ ಲೋಟವನ್ನು ಅವನು ಕುಡಿಯುವ ಮೊದಲೇ ಎತ್ತಿಕೊಂಡು ಹೋಗಿ ತೊಳೆದಳು.

ಮಾರನೇ ದಿನ ನವಿಲುಬಣ್ಣದ ಬಟ್ಟೆಯನ್ನು ಮೇಜಿನ ಮೇಲೆ ಹರಡಿ, ಸೀಮೆಸುಣ್ಣ ತೆಗೆದುಕೊಂಡು, ಹಳೆಯ ಟೇಪಿಗೆ ಕೈಚಾಚಿದವಳು ಅಲ್ಲೇ ನಿಂತಳು. ಆಮೇಲೆ ಹಳದಿ ಟೇಪನ್ನು ತೆಗೆದುಕೊಂಡಳು. ಮೂವತ್ನಾಲ್ಕು ತಾನೆ ಅವಳ ಸೊಂಟ? ಮೂವತ್ನಾಲ್ಕೇ ಇರಲಿ, ಒಂದು ನೂಲೂ ಹೆಚ್ಚಿಲ್ಲದ ಮೂವತ್ನಾಲ್ಕು. ಎಲಾಸ್ಟಿಕ್ಕನ್ನೂ ಹಾಕಲಿಲ್ಲ, ಬೇಡವೆಂದವಳು ಅವಳೇ. ಕತ್ತರಿ ಆಡಿದಾಗ ಟೈಲರಕ್ಕನಿಗೆ ಖುಷಿಯಾಯಿತು, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಆದರೆ ಪಕ್ಕದ ಹೊಲಿಗೆಯ ಒಳಗೆ ಎಂದಿನಂತೆ ಎರಡಿಂಚು ಬಟ್ಟೆ ಬಿಟ್ಟಳು. ಅದು ದಯೆಯಲ್ಲ. ಒಳಗೆ ಬಟ್ಟೆ ಬಿಡದೆ ಕತ್ತರಿಸುವುದು ಆ ಕೈಗೆ ಗೊತ್ತಿರಲಿಲ್ಲ, ಅಷ್ಟೆ.

ಹೊರಡುವ ಹಿಂದಿನ ಸಂಜೆ ಇಸ್ತ್ರಿ ಮಾಡಿ ಮಡಿಸಿ ಕೊಟ್ಟಳು. ಎಂದೂ ಹಾಕಿಸಿ ನೋಡದೆ ಕಳಿಸದವಳು ಅಂದು ಹಾಕಿ ನೋಡಿ ಅನ್ನಲಿಲ್ಲ. ಪೆಟ್ಟಿಗೆ ತುಂಬುವ ಗಡಿಬಿಡಿಯಲ್ಲಿ ದೊಡ್ಡವಳೂ ನೋಡಲಿಲ್ಲ.

ವ್ಯಾನು ಹೊರಟ ಮಾರನೇ ದಿನ ಬೆಳಗಿನ ಜಾವ ನಾಲ್ಕರ ಮೊದಲ ಬಸ್ಸಿಗೆ ಟೈಲರಕ್ಕ ಹತ್ತಿದಳು. ಕಂದು ಪ್ಯಾಂಟು, ನಾಲ್ಕು ಜೇಬು. ಒಂದರಲ್ಲಿ ಟಿಕೆಟ್ಟು, ಒಂದರಲ್ಲಿ ಬಿಸ್ಕತ್ತು, ಒಂದರಲ್ಲಿ ಸೂಜಿದಾರ, ಒಂದರಲ್ಲಿ ಹಳದಿ ಟೇಪು. ಕೋಟು ನೋಡಲು ಹೋಗುತ್ತಿದ್ದೇನೆ ಎಂದು ತನಗೆ ತಾನೇ ಹೇಳಿಕೊಂಡಳು. ಸರಿ, ಕೋಟು ನೋಡಲು ಬೇರೆ ದಿನವಿರಲಿಲ್ಲವೇ, ಸೂಜಿದಾರ ಯಾಕೆ, ಟೇಪು ಯಾಕೆ ಎಂದು ಯಾರಾದರೂ ಕೇಳಿದ್ದರೆ ಅವಳು ಕಿಟಕಿಯ ಆಚೆ ನೋಡುತ್ತಿದ್ದಳು.

ಅಂಗಡಿ ನಿಜಕ್ಕೂ ಏಳು ಅಂತಸ್ತಿನದೇ. ಅವಳು ಕೆಳಗೆ, ಮೇಲೇರುವ ಯಂತ್ರದ ಮೆಟ್ಟಿಲ ಪಕ್ಕದಲ್ಲಿ ನಿಂತಳು. ಬಸ್ಸಿನಲ್ಲಿ ಅಷ್ಟು ಹೊತ್ತು ಕೂತರೂ ಅವಳ ಬಟ್ಟೆಯಲ್ಲಿ ಒಂದು ಸುಕ್ಕಿರಲಿಲ್ಲ. ಹನ್ನೊಂದು ಹೊಡೆದು ಹತ್ತು ನಿಮಿಷಕ್ಕೆ ಗಾಜಿನ ಬಾಗಿಲಿನಿಂದ ಹೆಂಗಸರ ಗುಂಪು ಒಳಗೆ ಬಂತು. ಕಡೆಯಲ್ಲಿ ದೊಡ್ಡವಳು ಬಂದಳು. ನವಿಲುಬಣ್ಣ ಅವಳಿಗೆ ಒಪ್ಪುತ್ತಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಉಸಿರನ್ನು ಒಳಗೇ ಹಿಡಿದು, ಪುಟ್ಟ ಪುಟ್ಟ ಹೆಜ್ಜೆಯಿಟ್ಟು, ಕೈಚೀಲವನ್ನು ಹೊಟ್ಟೆಗೆ ಒತ್ತಿಕೊಂಡು ಬರುತ್ತಿದ್ದಳು. ಕೋಟಿನ ಗುಂಡಿ ಕಾಜಕ್ಕೆ ಮುಟ್ಟಿರಲಿಲ್ಲ. ಪ್ಯಾಂಟಿನ ಹುಕ್ಕು ಕಿತ್ತುಹೋಗಿದೆಯೆಂದು ಟೈಲರಕ್ಕನಿಗೆ ಅಷ್ಟು ದೂರದಿಂದಲೇ ತಿಳಿಯಿತು.

ಮೊದಲು ಕಂಡದ್ದು ಡಾಕ್ಟರ್ ಹೆಂಡತಿಗೆ. "ಅರೆ, ಇವರು ನಿಮ್ಮ ಟೈಲರ್ ಅಲ್ವಾ? ಎಷ್ಟು ನೀಟಾಗಿ ಡ್ರೆಸ್ ಮಾಡ್ಕೊಂಡಿದಾರೆ!"

ದೊಡ್ಡವಳ ಮುಖದ ಬಣ್ಣ ಇಳಿಯಿತು. ಇಬ್ಬರ ಕಣ್ಣೂ ಕೂಡಿದವು. ಟೈಲರಕ್ಕ ಜೇಬಿಗೆ ಕೈಹಾಕಿದಳು. ಒಂದು ಮಾತು ಸಾಕಿತ್ತು. ಇವಳು ನನ್ನ ಓರಗಿತ್ತಿ ಎಂದು ದೊಡ್ಡವಳು ಬಾಯಿಬಿಟ್ಟು ಹೇಳಿದರೆ ಜೇಬಿನಲ್ಲಿ ಸೂಜಿಯಿತ್ತು, ದಾರವಿತ್ತು, ಟ್ರಯಲ್ ರೂಮಿನಲ್ಲಿ ಹದಿನೈದು ನಿಮಿಷದ ಕೆಲಸ. ಆಮೇಲೆ ಇಬ್ಬರೂ ಸೇರಿ ಕೋಟು ನೋಡಲು ಹೋಗಬಹುದಿತ್ತು. ಅಷ್ಟೆಲ್ಲ ಮಾಡಿದ ಮೇಲೂ, ಅಲ್ಲಿ ನಿಂತು, ಟೈಲರಕ್ಕ ಅದನ್ನೇ ಬಯಸಿದಳು.

"ಹೂಂ," ಎಂದಳು ದೊಡ್ಡವಳು. "ನಮ್ಮ ಟೈಲರ್." ಆಮೇಲೆ ಹತ್ತಿರ ಬಂದು ಹಲ್ಲು ಕಡಿದು, "ಏನು ಹೊಲಿದಿದೀಯ ಇದು? ಬಾ ಈ ಕಡೆ, ಬೇಗ ಸರಿಮಾಡು," ಎಂದಳು.

"ಟೈಲರ್ ಅಂದ್ಮೇಲೆ ಮೊದಲು ಅಳತೆ ನೋಡ್ಬೇಕಲ್ಲ, ಮೇಡಂ," ಎಂದಳು ಟೈಲರಕ್ಕ.

ಇಪ್ಪತ್ತೆಂಟು ವರ್ಷದಲ್ಲಿ ಅವಳು ದೊಡ್ಡವಳನ್ನು ಅಕ್ಕ ಎನ್ನದೆ ಕರೆದದ್ದು ಅದೇ ಮೊದಲು. ಏನಾಯಿತೆಂದು ದೊಡ್ಡವಳಿಗೆ ಹೊಳೆಯುವ ಮೊದಲೇ ಹಳದಿ ಟೇಪು ಅವಳ ಸೊಂಟವನ್ನು ಸುತ್ತಿತ್ತು. ಮಿಷನ್ನಿನ ಸದ್ದನ್ನು ಮೀರಿ ಮಾತಾಡಿ ಪಳಗಿದ ಗಂಟಲು ಟೈಲರಕ್ಕನದು.

"ಸೊಂಟ ಮೂವತ್ತಾರು," ಎಂದಳು. "ಬರೆದಿಟ್ಟುಕೊಳ್ಳಿ ಮೇಡಂ, ಮೂವತ್ತಾರು. ಇಷ್ಟು ದಿನ ಅಳೀತಿದ್ದ ಟೇಪು ಜಗ್ಗಿಹೋಗಿತ್ತು, ಬಿಸಾಕಿದೀನಿ."

ಗುಂಪಿನಲ್ಲಿ ಯಾರೋ ಕಿಸಕ್ಕೆಂದರು. ಟೈಲರಕ್ಕ ಟೇಪನ್ನು ಸುತ್ತಿ ಜೇಬಿಗೆ ಹಾಕಿಕೊಂಡಳು.

"ಒಳಗೆ ಎರಡಿಂಚು ಬಟ್ಟೆ ಬಿಟ್ಟಿದೀನಿ. ಬಿಚ್ಚಿ ಹೊಲಿದ್ರೆ ಸರಿಹೋಗುತ್ತೆ. ಮಂಗಳವಾರ ಅಂಗಡಿ ತೆಗೀತೀನಿ, ಬನ್ನಿ."

ಹಾಗೆಂದು ಯಂತ್ರದ ಮೆಟ್ಟಿಲ ಮೇಲೆ ಕಾಲಿಟ್ಟಳು. ಅದು ಅವಳನ್ನು ನಿಂತಲ್ಲೇ ಮೇಲೆತ್ತಿಕೊಂಡು ಹೋಯಿತು. ತಿರುಗಿ ನೋಡಲಿಲ್ಲ. ನೋಡಿದ್ದರೆ ಕೈಚೀಲವನ್ನು ಹೊಟ್ಟೆಗೆ ಒತ್ತಿಕೊಂಡ ಒಬ್ಬ ದಪ್ಪ ಹೆಂಗಸು ಕಾಣುತ್ತಿದ್ದಳು, ಮನಸ್ಸು ಕರಗುತ್ತಿತ್ತು. ಅದಕ್ಕೇ ನೋಡಲಿಲ್ಲ.

ನಾಲ್ಕನೇ ಅಂತಸ್ತಿನಲ್ಲಿ ಎಲ್ಲಕ್ಕಿಂತ ಚೆಂದದ ಬೂದುಬಣ್ಣದ ಕೋಟೊಂದನ್ನು ಆರಿಸಿಕೊಂಡು ಟ್ರಯಲ್ ರೂಮಿಗೆ ಹೋಗಿ ಪರದೆ ಎಳೆದಳು. ಒಳಗು ಹೊರಗು ಮಾಡಿ ದೀಪದ ಕೆಳಗೆ ಹಿಡಿದಳು. ಕಾಲರಿನ ಕೆಳಗೆ ಹೊಲಿಗೆಯೇ ಇರಲಿಲ್ಲ, ಅಂಟು ಹಾಕಿ ಇಸ್ತ್ರಿ ಒತ್ತಿದ್ದರು. ಲೈನಿಂಗ್ ಎರಡು ಕಡೆ ಸೊಟ್ಟಗಿತ್ತು. ತಾನು ಕೆಳಗಿನ ಕೋಣೆಯಲ್ಲಿ ಕೂತು ಹೊಲಿದದ್ದು ಇದರ ನಾಲ್ಕು ಪಟ್ಟು ಚೆನ್ನಾಗಿತ್ತು. ಅವಳಿಗೆ ನಗು ಬಂತು.

ಕೋಟನ್ನು ಮತ್ತೆ ಸರಿಮಾಡಿ ಹಾಕಿಕೊಂಡು ಕನ್ನಡಿ ನೋಡಿದಳು. ಎಡಭುಜ ಸ್ವಲ್ಪ ಎದ್ದಿತ್ತು. ಒಂದು ನೂಲಿನಷ್ಟು.

"ನೋಡಿ ಅಕ್ಕ," ಎಂದು ಬಾಯಿಗೆ ಬಂದೇಬಿಟ್ಟಿತು. ಗಂಡನಿಗೆ ಹೇಳಿದರೆ ಹೋಗಲಿ ಬಿಡೆ ಅನ್ನುತ್ತಾನೆ. ಬೇರೆ ಗಿರಾಕಿಗಳಿಗೆ ಹೇಳಿದರೆ ಭುಜ ಎಲ್ಲಿದೆ ಅನ್ನುತ್ತಾರೆ. ಆ ಒಂದು ನೂಲನ್ನು ನೋಡುವ ಕಣ್ಣು ಅವಳಿಗೆ ಗೊತ್ತಿದ್ದವರಲ್ಲಿ ಒಬ್ಬಳಿಗೇ ಇತ್ತು. ಅವಳನ್ನು ಈಗಷ್ಟೇ ಕೆಳಗೆ ಐದಾರು ಜನರ ಮುಂದೆ ನಿಲ್ಲಿಸಿ, ಮೇಡಂ ಎಂದು ಕರೆದು ಬಂದಿದ್ದಳು.

ಟೈಲರಕ್ಕ ಕೋಟನ್ನು ಬಿಚ್ಚಿ, ಮಡಿಕೆ ಕೆಡದಂತೆ ಹ್ಯಾಂಗರಿಗೆ ಹಾಕಿ, ಪರದೆ ಸರಿಸಿ ಹೊರಗೆ ಬಂದಳು.