ಹಲಗೆಯಲ್ಲಿ ಹಿಡಿಸದ ಎರಡು ಪದ

ನಲವತ್ತು ವರ್ಷ ಅಂಗಡಿಗಳ ಬೋರ್ಡು ಬರೆದದ್ದಕ್ಕೆ ಅವನು ಬೀದಿಗೆಲ್ಲ ಬೋರ್ಡಣ್ಣನಾಗಿದ್ದ. ಕ್ಷೌರದಂಗಡಿ, ಚಪ್ಪಲಿ ಅಂಗಡಿ, ಹಲ್ಲಿನ ಡಾಕ್ಟರು, ಯಾರದೇ ಇರಲಿ, ಮೊದಲು ಸೀಮೆಸುಣ್ಣದಲ್ಲಿ ಅಳೆದು ಗುರುತು ಹಾಕಿ ಆಮೇಲೆ ಬಣ್ಣ ಮುಟ್ಟುವ ಆಸಾಮಿ. ಅಳತೆ ತಪ್ಪಿದ್ದು ಜನ್ಮದಲ್ಲಿ ಒಂದೇ ಸಲ. ಅದೂ ಸ್ವಂತ ಮಗಳ ಪುಸ್ತಕಕ್ಕೆ!

ಮಗಳು ಹಗಲು ಔಷಧಿ ಅಂಗಡಿಯಲ್ಲಿ ಮಾತ್ರೆ ಕೊಡುವವಳು, ಬೆಳಿಗ್ಗೆ ಬೇಗ ಎದ್ದು ಇಲ್ಲದ ರಾಜ್ಯಗಳ ಕತೆ ಬರೆಯುವವಳು. ಹನ್ನೆರಡು ವರ್ಷದ ಹಿಂದೆ ಅವಳ ಮೊದಲ ಕಾದಂಬರಿಗೆ ಪ್ರಕಾಶಕರು ಒಪ್ಪಿದಾಗ, ಮುಖಪುಟದ ಅಕ್ಷರವನ್ನು ಅಪ್ಪ ಹಲಗೆಯ ಮೇಲೆ ಬರೆಯುವುದು, ಅದರ ಫೋಟೋ ಹಾಕುವುದು ಎಂದಾಯಿತು. ಹೆಸರು, ‘ಉಪ್ಪಿನ ಕೋಟೆಯ ಕೊನೆಯ ಕಾವಲುಗಾರ’. ಬೋರ್ಡಣ್ಣನಿಗೆ ಖುಷಿಯಲ್ಲಿ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಸೀಮೆಸುಣ್ಣ ಮರೆತು ನೇರ ಬಣ್ಣಕ್ಕೇ ಕೈ ಹಾಕಿದ. ಕೋಟೆ ಮುಗಿಯುವಷ್ಟರಲ್ಲಿ ಹಲಗೆಯೂ ಮುಗಿದಿತ್ತು.

‘ಉಪ್ಪಿನ ಕೋಟೆ’ ಎಂದೇ ಪುಸ್ತಕ ಬಂತು, ಚೆನ್ನಾಗಿ ಓಡಿತು. ಅಲ್ಲಿಂದ ಆ ಮನೆಯಲ್ಲಿ ಕಾದಂಬರಿಗೆ ಹೆಸರಿಡುವುದು ಹಲಗೆಯ ಅಗಲ ನೋಡಿಯೇ. ಎರಡನೆಯದಕ್ಕೆ ಅವಳು ‘ಬೂದಿಯಾದ ಸೇತುವೆ ದಾಟಿದವಳ ಶಪಥ’ ಎಂದು ಚೀಟಿ ತಂದಳು.

“ಇದು ಹೆಸರಾ, ದೂರಿನ ಅರ್ಜಿನಾ? ಎರಡೇ ಪದ ತಾ ಮಗಳೇ.”

‘ಬೂದಿ ಸೇತುವೆ’ ಆಯಿತು. ಮೂರು, ನಾಲ್ಕಕ್ಕೂ ಹೀಗೇ ಜಗಳ, ಹೀಗೇ ಎರಡು ಪದ.

ಐದೂ ಒಂದೇ ಕೋಟೆಯ ಕತೆಯ ಸರಣಿ, ಐದನೆಯದು ಅದರ ಕೊನೆಯದು. ಅಷ್ಟರಲ್ಲಿ ಬೋರ್ಡಣ್ಣನ ಬಲಗೈ ನಡುಗತೊಡಗಿತ್ತು. ಅಕ್ಷರ ಕಂಪ್ಯೂಟರಿನಲ್ಲೇ ಮಾಡಿಸೋಣ ಎಂದರು ಪ್ರಕಾಶಕರು. ಅಪ್ಪನೇ ಬರೆಯಬೇಕು ಎಂದು ಮಗಳು ಹಟ ಹಿಡಿದಳು. ಶನಿವಾರದೊಳಗೆ ಹಲಗೆ ಬಂದರೆ ಸರಿ, ಇಲ್ಲದಿದ್ದರೆ ಕಂಪ್ಯೂಟರೇ ಎಂದು ಅವರು ಗಡುವು ಕೊಟ್ಟರು. ಸೋಮವಾರ ಸಂಜೆ ಮಗಳು ಚೀಟಿ ತಂದಳು. ಅದರಲ್ಲಿದ್ದದ್ದು ಒಂದೇ ಪದ, ‘ಮನೆ’.

ಬೋರ್ಡಣ್ಣ ಚೀಟಿ ನೋಡಿದ, ಮಗಳನ್ನು ನೋಡಿದ. “ಆರುನೂರು ಪುಟ ಬರೆದೋಳಿಗೆ ಎರಡಕ್ಷರ ಸಾಕಾಯ್ತಾ? ನನ್ನ ಕೈ ನೋಡಿ ಹೆಸರಿಟ್ಟಿದೀಯ, ಅಲ್ವಾ?”

“ಇಲ್ಲಪ್ಪಾ, ಬೇರೆ ಹೊಳೀಲಿಲ್ಲ.”

“ಸುಳ್ಳು ಹೇಳೋದನ್ನಾದ್ರೂ ನೆಟ್ಟಗೆ ಕಲಿಯಬಾರದಿತ್ತಾ?”

ಅವನಿಗೆ ತುಂಬಾ ನೋವಾಗಿತ್ತು. ಊಟ ಬೇಡವೆಂದು ಹಳೇ ಬ್ರಶ್ಶುಗಳನ್ನೆಲ್ಲ ನೆಲಕ್ಕೆ ಸುರಿದು ಕೂತ. “ಕೈಲಾಗದೋನು ಮೈ ಪರಚಿಕೊಂಡನಂತೆ,” ಎಂದಳು ಹೆಂಡತಿ. ಅನ್ನುತ್ತಲೇ ಒಂದೊಂದಾಗಿ ಎತ್ತಿ ಡಬ್ಬಿಗೆ ಹಾಕಿದಳು.

ಮರುದಿನ ಮಗಳು ಕೆಲಸಕ್ಕೆ ಹೋದಮೇಲೆ ಅವನು ಹಲಗೆ ಇಳಿಸಿದ. ಈ ಸಲ ಸೀಮೆಸುಣ್ಣ ಮರೆಯಲಿಲ್ಲ. ಎಡಗೈಯಲ್ಲಿ ಬಲಗೈಯ ಮಣಿಕಟ್ಟು ಹಿಡಿದು, ಉಸಿರು ಬಿಗಿಹಿಡಿದು, ದಿನಕ್ಕೆ ಎರಡಕ್ಷರ. ಮೂರನೆಯದಕ್ಕೆ ಕೈ ಹಾಕಿದರೆ ಕೆಡುತ್ತದೆಂದು ಅವನಿಗೆ ಗೊತ್ತಿತ್ತು. ಬರೆದಷ್ಟನ್ನು ಗೋಡೆಗೆ ಮುಖ ಮಾಡಿಸಿ ಇಡುತ್ತಿದ್ದ. ಹೀಗೆ ನಾಲ್ಕು ದಿನ.

ಶುಕ್ರವಾರ ಸಂಜೆ ಮಗಳು ಬಂದಾಗ, “ತಿರುಗಿಸಿ ನೋಡು,” ಎಂದ.

ಹಲಗೆಯ ಮೇಲೆ ‘ಕೊನೆಯ ಕಾವಲುಗಾರ’ ಎಂದಿತ್ತು.

“ಅವತ್ತು ಜಾಗ ಸಾಲದೆ ಬಿಟ್ಟಿದ್ದೆ,” ಎಂದ ಅವನು. “ನಿನ್ನದೇ ಪದ. ಹನ್ನೆರಡು ವರ್ಷದಿಂದ ಮನಸ್ಸಲ್ಲೇ ಇತ್ತು. ಈ ಪುಸ್ತಕದಲ್ಲಿ ಎಲ್ಲರೂ ಹೋದಮೇಲೆ ಕೋಟೇಲಿ ಉಳಿಯೋನು ಅವನೊಬ್ಬನೇ ತಾನೆ?”

“ನೀನು ಓದಿದ್ಯಾ, ಅಪ್ಪಾ?”

“ಓದದೆ ಬೋರ್ಡು ಬರೀತಾರೇನೇ?”

ಮಗಳು ಸೆರಗಿನಲ್ಲಿ ಕಣ್ಣೊರೆಸಿಕೊಂಡು ಪ್ರಕಾಶಕರಿಗೆ ಫೋನು ಹಚ್ಚಿದಳು. “ಸಾರ್, ನಾಳೆ ಹಲಗೆ ತರ್ತೀನಿ. ‘ಗಾ’ ಸ್ವಲ್ಪ ಸೊಟ್ಟಗಿದೆ. ದಯವಿಟ್ಟು ತಿದ್ದಿಸಬೇಡಿ, ಹಾಗೇ ಅಚ್ಚಾಗಲಿ.”

“ಸೊಟ್ಟ ಅಂತ ಊರಿಗೆಲ್ಲ ಡಂಗುರ ಸಾರು,” ಎಂದು ಗೊಣಗುತ್ತ ಬೋರ್ಡಣ್ಣ ಬ್ರಶ್ಶು ತೊಳೆಯಲು ಎದ್ದ. “ಅಡುಗೆ ಆಗಿದ್ರೆ ಬಡಿಸೋಕೆ ಹೇಳು ನಿಮ್ಮಮ್ಮನಿಗೆ.”